ಹುಣಸೆಮರದ ಗುಂಡಿಗೆ ಸುರಿದ ಅನ್ನ

ನಾವು ಲಿಂಗ ಕಟ್ಟೋ ಜನ. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಪೂಜೆ ಮುಗಿಸದೆ ನಾನು ಇವತ್ತಿನವರೆಗೂ ಒಂದು ಗುಟುಕು ಕಾಫಿ ಕುಡಿದವಳಲ್ಲ. ಮಾಂಸ ಬೇಯಿಸುವ ಮನೆಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ನಾವು ಹಾಕುವ ಊಟದಿಂದ ಒಂದು ಇರುವೆಗೂ ನೋವಿಲ್ಲ ಅಂತ ನಂಬಿಕೊಂಡಿದ್ದೆ, ನಾಲ್ಕು ಜನರ ಮುಂದೆ ಹೇಳಿಕೊಂಡೂ ತಿರುಗಿದ್ದೆ. ಆ ಮಾತು ಹೇಗೆ ಬಾಯಲ್ಲೇ ನಿಂತುಹೋಯಿತು ಅನ್ನುವುದನ್ನು ಬರೆಯುತ್ತೇನೆ.

ನನ್ನ ತವರು ಸಿರಾ ತಾಲ್ಲೂಕು, ಹುಲಿಕುಂಟೆ ಕಡೆ. ಕೊಟ್ಟದ್ದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಗೆ. ನನ್ನ ಮದುವೆಯ ಹಿಂದಿನ ದಿನ ನಮ್ಮಪ್ಪ ಬೀಗರಿಗೆಲ್ಲ ಮುದ್ದೆ, ಹುರುಳಿಕಾಳಿನ ಬಸ್ಸಾರು ಹಾಕಿಸಿದ್ದರು. ಹೊಲದಲ್ಲಿ ಬೆಳೆದದ್ದು ಅದು, ಮನೆಯಲ್ಲಿ ಇದ್ದದ್ದು ಅದು. ಧಾರೆಯ ದಿನಕ್ಕೆ ಅನ್ನ, ಪಾಯಸ ಇತ್ತು. ಆದರೆ ಹಿಂದಿನ ದಿನವೇ ಬಂದಿಳಿದಿದ್ದ ನಮ್ಮ ಮಾವನವರ ತಂಗಿ, ಕೊರಟಗೆರೆಗೆ ಕೊಟ್ಟಿದ್ದವರು, ಎಲೆಯ ಮೇಲಿನ ಮುದ್ದೆಯನ್ನು ಒಂದು ಬೆರಳಿನಿಂದ ಆಚೆ ತಳ್ಳಿ, "ಏನಮ್ಮಾ, ನಿಮ್ಮ ಕಡೆ ಅಕ್ಕಿ ಅಂದ್ರೆ ತಲೆ ಮೇಲೆ ಹಾಕೋ ಅಕ್ಷತೆ ಒಂದೇನಾ?" ಅಂದರು. ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದ ನಮ್ಮಪ್ಪನೂ ನಕ್ಕರು. ಹಸೆಮಣೆ ಏರುವ ಮೊದಲೇ ನಾನು ರಾಗಿ ಮನೆ ಹುಡುಗಿ ಆದೆ.

ಆ ಮಾತನ್ನು ನಾನು ಆರೇಳು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಮರೆತಿದ್ದರೆ ಚೆನ್ನಾಗಿತ್ತು.

ಗಂಡನ ಮನೆಯ ಹೊಲ ಊರಿಂದ ಸ್ವಲ್ಪ ದೂರ. ಅದರ ಬದುವಿನಲ್ಲಿ ಒಂದು ಹುಣಸೆಮರ ಇತ್ತು. ಇಬ್ಬರು ಕೈ ಚಾಚಿ ತಬ್ಬಿದರೂ ಸಾಲದಷ್ಟು ದಪ್ಪ. ಸಂಕ್ರಾಂತಿ ಕಳೆದ ಮೇಲೆ ಪಾವಗಡದ ಕಡೆಯಿಂದ ಒಬ್ಬ ಹೆಂಗಸು ಕುರಿಮಂದೆ ಹೊಡೆದುಕೊಂಡು ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಂದೆ ಅವಳದ್ದೇ. ಹಗಲು ಬಿಸಿಲೇರಿದ ಮೇಲೆ ಕುರಿಗಳು ಆ ಮರದ ನೆರಳಲ್ಲಿ ತಲೆ ತಗ್ಗಿಸಿ ನಿಲ್ಲೋವು. ರಾತ್ರಿ ನಮ್ಮ ಹೊಲದಲ್ಲೇ ಮಂದೆ ಹಾಕೋಳು. ಕುರಿಗಳು ಅಲ್ಲಿ ಮಲಗಿದರೆ ಹಿಕ್ಕೆ, ಗಂಜಲ ಎಲ್ಲ ಹೊಲಕ್ಕೆ ಬೀಳುತ್ತದಲ್ಲ, ಅದೇ ನಮ್ಮ ಗೊಬ್ಬರ. ಅದಕ್ಕೆ ನಮ್ಮತ್ತೆ ಅವಳಿಗೆ ರಾಗಿ ಅಳೆಯೋರು, ಬಂದಾಗಲೆಲ್ಲ ಮಜ್ಜಿಗೆ ಹೊಯ್ಯೋರು. ಮುಂಗಾರು ಶುರುವಾಗುವ ಹೊತ್ತಿಗೆ ವಾಪಸ್ ಹೋಗೋಳು. ನಮ್ಮತ್ತೆ ಸೊಸೆಯಾಗಿ ಬಂದಾಗಿನಿಂದ ಹೀಗೇ ನಡೆದಿತ್ತಂತೆ; ಮೊದಲು ಅವಳ ಅತ್ತೆ, ಆಮೇಲೆ ಅವಳು. ಆ ಮರ ಇದ್ದದ್ದಕ್ಕೆ ಅವಳು ನಮ್ಮ ಹೊಲಕ್ಕೆ ಬರುತ್ತಿದ್ದಳು, ಅವಳು ಬರುತ್ತಿದ್ದಳು ಅಂತ ನಮ್ಮ ಹೊಲದಲ್ಲಿ ರಾಗಿ ತೆನೆ ಕೈಗೆ ತೂಕವಾಗಿ ಬರುತ್ತಿತ್ತು. ಇದನ್ನು ಆಗ ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೋ ಇಲ್ಲವೋ.

ಅವಳ ಮಾತು ಅರ್ಧ ಕನ್ನಡ ಅರ್ಧ ತೆಲುಗು. ನಮ್ಮನ್ನೆಲ್ಲ "ತಲ್ಲೀ" ಅಂತಲೇ ಕರೆಯೋಳು. ನನಗೂ ಅವಳಿಗೂ ಒಂದೇ ವಯಸ್ಸು ಇದ್ದೀತು.

ಎಪ್ಪತ್ತರ ದಶಕದಲ್ಲಿ ನಮ್ಮ ನಾದಿನಿಗೆ ಮದುವೆ ಗೊತ್ತಾಯಿತು. ಗಂಡು ಯಾರು ಅಂದರೆ ಅದೇ ಕೊರಟಗೆರೆಯಮ್ಮನ ಮಗ. ಮಾವನವರು ಹೋಗಿಬಿಟ್ಟಿದ್ದರು. ಹಿರಿ ಸೊಸೆ ನಾನೇ. ಅಡಿಗೆ ಏನೇನು ಅಂತ ತೀರ್ಮಾನ ಮಾಡೋ ದಿನ ನಮ್ಮತ್ತೆ, "ಹಿಂದಿನ ದಿನಕ್ಕೆ ಮುದ್ದೆ, ಕಾಳಿನ ಸಾರು ಸಾಕು ಕಣಮ್ಮ. ಧಾರೆ ದಿನಕ್ಕೆ ಅನ್ನ, ಹುಳಿ, ಒಂದು ಪಲ್ಯ, ಪಾಯಸ. ಇಷ್ಟರಲ್ಲಿ ನನ್ನ ಮದುವೆನೂ ಆಯ್ತು, ನಿಂದೂ ಆಯ್ತು" ಅಂದರು.

"ನಂದು ಹೆಂಗಾಯ್ತು ಅಂತ ನೀವು ನೋಡಿಲ್ವಾ ಅತ್ತೆ? ಈ ಸಲ ಎಲೆ ಮೇಲೆ ರಾಗಿ ಅನ್ನೋದು ಕಣ್ಣಿಗೆ ಬೀಳಕೂಡದು" ಅಂದೆ.

ಅತ್ತೆ ನನ್ನ ಮುಖ ನೋಡಿದರು. "ಅದನ್ನ ಇನ್ನೂ ಇಟ್ಕೊಂಡಿದೀಯಾ" ಅಂದು ಎದ್ದುಹೋದರು. ಅವರು ಗದರಿಸಿದ್ದರೆ ನಾನು ಅಷ್ಟಕ್ಕೇ ಬಿಡುತ್ತಿದ್ದೆ ಅನಿಸುತ್ತೆ. ಅವರು ಯಾವತ್ತೂ ಗದರಿಸುವವರಲ್ಲ, ಅದೊಂದು ಪುಣ್ಯ ಅಂತ ಆಗ ಅಂದುಕೊಂಡಿದ್ದೆ.

ನಾನು ಪಟ್ಟಿ ಮಾಡಿಸಿದೆ. ಅನ್ನ, ಚಿತ್ರಾನ್ನ, ಹುಳಿ, ಸಾರು, ಎರಡು ಪಲ್ಯ, ಪಾಯಸ, ಒಬ್ಬಟ್ಟು, ಬೋಂಡ. ಎರಡೂ ದಿನ. ಎಲೆಯೂ ಮುತ್ತುಗದ್ದಲ್ಲ, ಬಾಳೆ ಎಲೆ. ನಾನೂ ಅತ್ತೆಯೂ ನಾಲ್ಕು ತಿಂಗಳು ಕೂತು ಮುತ್ತುಗದೆಲೆ ಹೊಲಿದು ಅಟ್ಟದ ಮೇಲೆ ಪೇರಿಸಿದ್ದೆವು. ಅವನ್ನು ಆಳುಗಳ ಊಟಕ್ಕೆ ಇರಲಿ ಅಂದೆ. ನಮ್ಮ ನೆಲದಲ್ಲಿ ಬತ್ತ ಬೆಳೆಯುವುದಿಲ್ಲ, ಅಕ್ಕಿ ಎಲ್ಲ ಕೆರೆಯ ನೀರಿರುವ ಕಡೆಯಿಂದ ಗಾಡಿಯಲ್ಲಿ ಬಂತು. ಬಾಳೆ ಎಲೆಯೂ ಹಾಗೇ.

ಮಧುಗಿರಿಯಿಂದ ಬಂದ ಅಡಿಗೆಯವರು ಪಟ್ಟಿ ನೋಡಿ, "ಒಂಬತ್ತು ಪದಾರ್ಥಕ್ಕೆ ಒಂಬತ್ತು ಒಲೆ ಹೂಡ್ಬೇಕು. ಸೌದೆ ಏನಿದೆ?" ಅಂದರು.

"ತೊಗರಿಕಡ್ಡಿ ಐತೆ, ಪುಳ್ಳೆ ಐತೆ" ಅಂದರು ನಮ್ಮ ಯಜಮಾನರು.

"ಸ್ವಾಮಿ, ತೊಗರಿಕಡ್ಡಿಲಿ ಕಾಫಿ ಕಾಯಿಸ್ಬೋದು. ಕೊಪ್ಪರಿಗೆ ಅನ್ನ ಬೇಯಬೇಕಂದ್ರೆ ಹುಣಸೆ ಸೌದೆ ಬೇಕು. ಒಂದೇ ಸಮ ಉರಿಯತ್ತೆ. ಇದ್ರೆ ಹೇಳಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊಳಿ."

ಯಜಮಾನರು ನನ್ನ ಕಡೆ ನೋಡಿದರು. ನಾನು ಹೊಲದ ಕಡೆ ನೋಡಿದೆ. ಬಾಯಿಬಿಟ್ಟು ಕಡೀರಿ ಅಂತ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ.

ಶಿವರಾತ್ರಿ ಕಳೆದು ಹಣ್ಣು ಉದುರಿಸಿದ ಮೇಲೆ ಮರಕ್ಕೆ ಕೊಡಲಿ ಹಾಕಿದರು. ಮೊದಲ ದಿನವೇ ಕುರಿಯವಳು ಮನೆಗೆ ಬಂದಳು. ನಾನು ಜಗಲಿಯ ಮೇಲೆ ಒಬ್ಬಟ್ಟಿಗೆ ಬೇಳೆ ಆರಿಸುತ್ತಿದ್ದೆ. ಅವಳು ಅಂಗಳದಲ್ಲೇ ನಿಂತು, "ಮರ ಕಡೀತಾವ್ರಲ್ಲ ತಲ್ಲೀ, ನಿಂಗೆ ಗೊತ್ತಾ?" ಅಂದಳು.

"ಗೊತ್ತು. ಮದುವೆಗೆ ಸೌದೆ ಬೇಕಲ್ಲ."

"ಸೌದೆ ಬೇಕು ಅಂದ್ರೆ ಕೊಂಬೆ ಇಳಿಸ್ಕಳಿ. ನಾಕು ಕೊಂಬೆ ಇಳಿಸಿದ್ರೆ ಮುದ್ದೆ ಸಾರು ಬೇಯಲ್ವಾ?"

"ನಾವು ಮುದ್ದೆ ಮಾಡಿಸ್ತಿಲ್ಲ."

"ಮತ್ತೇನ್ ಮಾಡಿಸ್ತೀರ?"

ಪಟ್ಟಿ ಪೂರ್ತಿ ಹೇಳಿದೆ. ಹೇಳುವಾಗ ನನಗೆ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವಳು ಬೆರಳು ಮಡಿಸಿ ಎಣಿಸಿದಳು. "ಅಬ್ಬಾ! ಇಷ್ಟೆಲ್ಲ ಉಂಡು ಕೈ ತೊಳ್ಕಂಡ್ಮೇಲೆ ಎಲ್ಲಿ ಕುಂತ್ಕಂತೀರ ತಲ್ಲೀ? ನೆರಳೇ ಇರಾಕಿಲ್ವಲ್ಲ" ಅಂದಳು. ನಗುತ್ತಲೇ ಅಂದಳು. ಆಮೇಲೆ ನಗು ನಿಲ್ಲಿಸಿ, "ನನ್ ಕುರಿ ಎಲ್ಲಿ ನಿಲ್ಲಿಸ್ಲಿ ಹೇಳು. ಮರಿ ಹಾಕಿರೋವು ಅವೆ, ಬಿಸ್ಲು ತಡೆಯಾಕಿಲ್ಲ. ಮರ ಹೋದ್ರೆ ಮುಂದಿನ ಸಲ ನಾನು ಬರಾದೆಂಗೆ? ನಿಂದು ಹೊಲ ಐತೆ, ನಂಗೆ ಇವು ಬಿಟ್ರೆ ಇನ್ನೇನಿಲ್ಲ" ಅಂದಳು.

"ಊರಲ್ಲಿ ಮರ ಅದೊಂದೇನಾ? ಇನ್ನೊಂದು ನೋಡ್ಕೊ. ನಾವೇನು ಕುರಿ ಕಡಿದು ಊಟ ಹಾಕ್ತಿಲ್ಲ ಕಣಮ್ಮ, ಮರ ತಾನೆ" ಅಂದೆ.

 ಒಳಗಿನಿಂದ ಅತ್ತೆ ಮಜ್ಜಿಗೆ ತಂದು ಕೊಟ್ಟರು. ಅವಳು ಎರಡು ಕೈ ಬೊಗಸೆ ಮಾಡಿ ಕುಡಿದು, ಬಾಯಿ ಒರೆಸಿಕೊಂಡು ಹೋದಳು. ಹೋಗುವಾಗ ಅತ್ತೆಗೆ ಕೈ ಮುಗಿದಳು, ನನಗಲ್ಲ.

ಐದು ದಿನ ಕಡಿದರು. ಕಾಂಡ ಸೀಳಿದ್ದು ಸಾಲದು ಅಂತ ಅಡಿಗೆಯವರು ಹೇಳಿದ್ದಕ್ಕೆ ಬೊಡ್ಡೆಯನ್ನೂ ಅಗೆದು ಕಿತ್ತರು. ಮರ ಇದ್ದ ಕಡೆ ಒಬ್ಬ ಆಳು ಇಳಿದರೆ ಎದೆಮಟ್ಟ ಬರುವಷ್ಟು ಗುಂಡಿ ಆಯಿತು. ಕುರಿಯವಳು ಗುಂಡಿಯ ಪಕ್ಕದಲ್ಲೇ ನಾಲ್ಕು ಗಳ ನೆಟ್ಟು ಕಂಬಳಿ ಕಟ್ಟಿ ಮರಿಗಳನ್ನು ಹಾಕಿಕೊಂಡಳು. ದೊಡ್ಡ ಕುರಿಗಳು ಮಾತ್ರ ಮಧ್ಯಾಹ್ನವಾದರೆ ಗುಂಡಿಯ ಸುತ್ತ ಬಂದು, ನೆರಳಿಲ್ಲದ ನೆಲದಲ್ಲಿ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ನಿಲ್ಲೋವು. ಅತ್ತೆ ರಾಗಿ ಅಳೆಯುವ ಮಾತು ಕೊಟ್ಟಿದ್ದಾರೆ ಅಂತ ಅವಳು ಆ ಸಲ ಹೊರಟುಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು.

ವೈಶಾಖದಲ್ಲಿ ಮದುವೆ ಆಯಿತು. ಧಾರೆ ಚೆನ್ನಾಗಿ ಆಯಿತು, ಮಳೆ ಗಾಳಿ ಏನೂ ಬರಲಿಲ್ಲ, ಶಿವ ಅಷ್ಟು ಕಾಪಾಡಿದ. ಕೊರಟಗೆರೆಯವರು ಎರಡು ಲಾರಿ ಜನ ಬರುತ್ತೇವೆ ಅಂದಿದ್ದರು, ಒಂದು ಲಾರಿ ಬಂತು. ಇನ್ನೊಂದು ಲಾರಿಯ ಜನಕ್ಕೆ ಬೇಯಿಸಿದ್ದು ಹಾಗೇ ಉಳಿಯಿತು. ಬಂದವರು ಕೂಡ ಒಂಬತ್ತನ್ನೂ ಮುಟ್ಟಿ ನೋಡಿದರೇ ಹೊರತು ತಿಂದದ್ದು ಅರ್ಧ. ಚಪ್ಪರದ ಆಚೆ ಕಾದಿದ್ದವರಿಗೆಲ್ಲ ಹಾಕಿಸಿದೆ, ಪಾತ್ರೆ ತಂದವರಿಗೆ ತುಂಬಿಸಿ ಕಳಿಸಿದೆ. ಆದರೂ ಬೆಳಗಾದಾಗ ಒಂದು ಕೊಪ್ಪರಿಗೆ ಅನ್ನ, ಬುಟ್ಟಿಗಟ್ಟಲೆ ಚಿತ್ರಾನ್ನ ಉಳಿದಿತ್ತು. ಆ ಸೆಕೆಗೆ ಹುಳಿ ವಾಸನೆ ಬಂದುಬಿಟ್ಟಿತ್ತು.

ಕೊರಟಗೆರೆಯಮ್ಮ ಎಲೆಯಿಂದ ಎದ್ದಾಗ ನಾನು ಬೇಕೆಂದೇ ಕೈಗೆ ನೀರು ಹಾಕಲು ಹೋಗಿ ನಿಂತಿದ್ದೆ. "ಪಾಯಸ ಒಂಚೂರು ತೆಳ್ಳಗಾಯ್ತು" ಅಂದರು. ಅಷ್ಟೇ.

ಉಳಿದ ಅನ್ನವನ್ನು ಎಲ್ಲಿ ಹಾಕೋದು ಅನ್ನೋ ಮಾತು ಬಂತು. ತಿಪ್ಪೆಗೆ ಸುರಿಯೋಣ ಅಂದರು ಆಳುಗಳು. ಲಿಂಗಕ್ಕೆ ತೋರಿಸಿದ ಅನ್ನ, ಪ್ರಸಾದ, ಅದನ್ನು ಸಗಣಿಯ ಮೇಲೆ ಸುರಿಯುವುದೇ? ನಾನು ಒಪ್ಪಲಿಲ್ಲ. ಯಾರ ಕಾಲೂ ತುಳಿಯದ ಜಾಗ ಆಗಬೇಕು. ಹೊಲದಲ್ಲಿ ಹುಣಸೆಮರದ ಗುಂಡಿ ಇದೆಯಲ್ಲ, ಅಲ್ಲಿಗೆ ಹಾಕಿ ಅಂದೆ. ಗಾಡಿಯಲ್ಲಿ ಹೇರಿಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ಸುರಿದಾದ ಮೇಲೆ ಒಬ್ಬ ಆಳು ಗುದ್ದಲಿಯಲ್ಲಿ ಮಣ್ಣೆಳೆಯಲು ಬಗ್ಗಿದ. ನಾನೇ ಅವನ ಕೈ ತಡೆದೆ.

"ಮಣ್ಣು ಹಾಕ್ಬೇಡಪ್ಪ."

"ನಾಯಿ ಗೀಯಿ ಬತ್ತವೆ ಕಣಮ್ಮ, ಮುಚ್ಬುಡಾಣ."

"ಮನೆ ಮಗಳನ್ನ ಇವತ್ತು ಗಂಡನ ಮನೆಗೆ ಕಳಿಸ್ತಿದೀವಿ. ಇವತ್ತು ಅನ್ನಕ್ಕೆ ಮಣ್ಣು ಹಾಕ್ತೀಯಾ? ಅವಳ ಬಾಳು ಏನಾಗ್ಬೇಕು? ಬಾಳೆ ಎಲೆ ಮುಚ್ಚು ಸಾಕು. ನಾಳೆ ಮಣ್ಣೆಳಿ."

ಅವನು ಎಂಜಲಿಲ್ಲದ ಎಲೆಗಳನ್ನು ಆರಿಸಿ ಮೇಲೆ ಹಾಸಿದ. ನಾನು ಕೈ ಮುಗಿದು, ತಪ್ಪಿದ್ದರೆ ಕ್ಷಮಿಸು ತಂದೆ ಅಂತ ಅನ್ನಕ್ಕೆ ನಮಸ್ಕಾರ ಮಾಡಿ ಬಂದೆ. ಕುರಿಗಳು ಬೆಳಗ್ಗೆಯೇ ಗುಡ್ಡದ ಕಡೆ ಮೇಯಲು ಹೋಗಿದ್ದವು. ಅವು ಮಧ್ಯಾಹ್ನ ಎಲ್ಲಿಗೆ ಬರುತ್ತವೆ ಅನ್ನುವುದು ನನಗೆ ಗೊತ್ತಿತ್ತು. ಆ ಹೊತ್ತಲ್ಲಿ ನೆನಪಾಗಲಿಲ್ಲ. ಮಡಿ, ಪ್ರಸಾದ, ಶಕುನ ಎಲ್ಲ ನೆನಪಿತ್ತು.

ಮಧ್ಯಾಹ್ನ ನಾದಿನಿಯನ್ನು ಕಳಿಸಿಕೊಟ್ಟು ಮನೆಯಲ್ಲಿ ಕಣ್ಣೊರೆಸಿಕೊಂಡು ಕೂತಿದ್ದೆವು. ಅದೇ ಹೊತ್ತಿಗೆ ಕುರಿಯವಳು ಮಂದೆಯನ್ನು ಗುಂಡಿಯ ಹತ್ತಿರ ಬಿಟ್ಟು ಬಾವಿಗೆ ನೀರು ಸೇದಲು ಹೋಗಿದ್ದಳಂತೆ. ಬಂದು ನೋಡಿದರೆ ಬಾಳೆ ಎಲೆ ಎಲ್ಲ ತಿಂದು ಮುಗಿಸಿ ಕುರಿಗಳು ಗುಂಡಿಯೊಳಗೆ ಇಳಿದು ಅನ್ನ ತಿನ್ನುತ್ತಿದ್ದವು. ಬಡಿದು ಎಳೆದು ಹೊರಗೆ ಹಾಕಿದ್ದಾಳೆ. ಅಷ್ಟರಲ್ಲಿ ಎಷ್ಟು ತಿಂದಿದ್ದವೋ. ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತಾ ಮಲಗಿಕೊಂಡವು. ಎಣ್ಣೆ ಕುಡಿಸಿದಳು, ಓಂಕಾಳು ಅರೆದು ಕುಡಿಸಿದಳು. ಸುದ್ದಿ ತಿಳಿದು ನಮ್ಮ ಯಜಮಾನರು ಸೈಕಲ್ ತುಳಿದು ಮಧುಗಿರಿಗೆ ಹೋಗಿ ದನದ ಡಾಕ್ಟರನ್ನು ಕರೆತರುವ ಹೊತ್ತಿಗೆ ಮಾರನೇ ದಿನ ಬೆಳಗಾಗಿತ್ತು. ಹದಿನಾಲ್ಕು ಕುರಿ ಸತ್ತಿದ್ದವು. ಡಾಕ್ಟರು ಒಂದರ ಹೊಟ್ಟೆ ಒತ್ತಿ ನೋಡಿ, "ಹುಲ್ಲು ತಿನ್ನೋ ಪ್ರಾಣಿಗೆ ಬೆಂದ ಅನ್ನ ಹೊಟ್ಟೆತುಂಬ ಬಿದ್ರೆ ಒಳಗೆ ಹುಳಿಯಾಗತ್ತಮ್ಮ. ವಿಷಾನೇ. ಇದನ್ನ ಯಾರು ಹಿಂಗೆ ಬಯಲಲ್ಲಿ ಹಾಕಿದ್ದು?" ಅಂದರು.

ನಾನು ಹಾಕಿಸಿದ್ದು ಅಂತ ನಾನೇ ಹೇಳಿದೆ. ಅಷ್ಟು ಧೈರ್ಯ ಶಿವ ಕೊಟ್ಟ. ಅದಕ್ಕಿಂತ ಹೆಚ್ಚು ಕೊಡಲಿಲ್ಲ.

ಕುರಿಯವಳು ಅಳುತ್ತಿರಲಿಲ್ಲ. ಸತ್ತ ತಾಯಿಯ ಮೊಲೆಗೆ ಬಾಯಿ ಹಾಕುತ್ತಿದ್ದ ಮರಿಗಳನ್ನು ಒಂದೊಂದೇ ಎತ್ತಿ ಕಂಬಳಿಯ ಕೆಳಗೆ ಬಿಡುತ್ತಿದ್ದಳು. ಯಜಮಾನರು, "ಏನಾದ್ರೂ ಪರಿಹಾರ ಮಾಡ್ತೀವಿ ಕಣಮ್ಮ" ಅಂತ ಶುರು ಮಾಡಿದರು. ಅವಳು ಅವರ ಕಡೆ ತಿರುಗಲಿಲ್ಲ. ನನ್ನನ್ನು ನೋಡಿ ಹೇಳಿದಳು: "ನಾವು ಕುಯ್ದ್ರೆ ಒಂದು ಕುಯ್ತೀವಿ ತಲ್ಲೀ. ದೇವರಿಗೆ ಹೇಳಿ ಕುಯ್ತೀವಿ, ನಾಕು ಮನೆಗೆ ಹಂಚಿ ತಿಂತೀವಿ, ಚರ್ಮನೂ ಬಿಸಾಕಲ್ಲ. ಇವು ಹದ್ನಾಕು ಯಾರ ಬಾಯಿಗೂ ಆಗ್ಲಿಲ್ಲ."

ನಾನು ತಪ್ಪಾಯಿತು ಅನ್ನಬೇಕಾಗಿತ್ತು. ಗಂಟಲು ಕಟ್ಟಿತ್ತು ಅಂತ ಬರೆಯಬಹುದು. ನಿಜ ಹೇಳಬೇಕಂದರೆ, ಸುತ್ತ ಊರಿನ ಜನ ನಿಂತಿದ್ದರು, ಕುರಿ ಕಾಯೋಳ ಮುಂದೆ ತಲೆ ಬಗ್ಗಿಸಲು ನನಗೆ ಮನಸ್ಸಾಗಲಿಲ್ಲ. ಕುರಿಗಳನ್ನು ಅದೇ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿದರು. ಆವತ್ತು ಮಣ್ಣು ಹಾಕಬೇಡಿ ಅನ್ನಲು ಯಾರೂ ಇರಲಿಲ್ಲ. ಅವಳು ಉಳಿದ ಕುರಿ, ಮರಿ ಹೊಡೆದುಕೊಂಡು ಬಿಸಿಲಲ್ಲೇ ಪಾವಗಡದ ದಾರಿ ಹಿಡಿದಳು. ಅತ್ತೆ ಅಳೆದಿಟ್ಟಿದ್ದ ರಾಗಿಯನ್ನು ಹಿಂದೆಯೇ ಕಳಿಸಿದರು. ಹಾಗೇ ವಾಪಸ್ ಬಂತು.

ಮಾರನೇ ವರ್ಷ ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು, ಮಂದೆ ಬರಲಿಲ್ಲ. ಬೇರೆ ಕುರಿಯವರನ್ನು ಕೇಳಿಸಿದೆವು. "ನಿಮ್ ಹೊಲದಾಗೆ ನಿಲ್ಲಾಕೆ ನೆರಳೆಲ್ಲೈತೆ?" ಅಂದರಂತೆ. ಆ ಗುಂಡಿಯ ಕಥೆಯೂ ಅವರವರಲ್ಲಿ ಹಬ್ಬಿತ್ತು. ಯಜಮಾನರು ಮಧುಗಿರಿಯಿಂದ ಗೊಬ್ಬರದ ಚೀಲ ತಂದು ಹಾಕಿದರು. ಎರಡು ವರ್ಷ ಪೈರು ಹಸಿರಾಗಿ ಬಂತು. ಆಮೇಲೆ ಮಣ್ಣು ಗಟ್ಟಿಯಾಗುತ್ತಾ ಹೋಯಿತು, ಕಳೆ ಕೀಳಲು ಕೂತರೆ ಕುಡುಗೋಲಿನ ಮೊನೆಗೂ ನೆಲ ಒಡೆಯುತ್ತಿರಲಿಲ್ಲ. ನಾನು ಬದುವಿನಲ್ಲಿ ಹುಣಸೆ ಸಸಿ ನೆಟ್ಟೆ. ಒಣಗಿತು. ಇನ್ನೊಂದು ನೆಟ್ಟು ಕೊಡದಲ್ಲಿ ನೀರು ಹೊತ್ತು ಹಾಕಿದೆ. ಅದೂ ಒಣಗಿತು. ಅತ್ತೆ ಒಂದು ದಿನಕ್ಕೂ, ನಾನು ಹೇಳಲಿಲ್ಲವಾ ಅನ್ನಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಅತ್ತೆ ಶಿವನ ಪಾದ ಸೇರಿದರು. ಹಾಸಿಗೆ ಹಿಡಿಯದೆ, ಯಾರಿಂದಲೂ ಸೇವೆ ಮಾಡಿಸಿಕೊಳ್ಳದೆ ಹೋದರು. ಹನ್ನೊಂದನೇ ದಿನ ಶಿವಗಣಾರಾಧನೆ, ಊರಿಗೆಲ್ಲ ಊಟ. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಮುದ್ದೆ, ಅವರೆಕಾಳು ಹುರುಳಿಕಾಳಿನ ಸಾರು, ಒಂದು ಪಾಯಸ, ಕೊನೆಗೆ ಒಂದು ಹಿಡಿ ಅನ್ನ. ಮುತ್ತುಗದೆಲೆ. ಮೂರು ಒಲೆ. ಸೌದೆಗೆ ತೊಗರಿಕಡ್ಡಿ, ಕಡಲೆಕಾಯಿ ಸಿಪ್ಪೆ, ಬೆರಣಿ. ಒಂದು ಕೊಂಬೆ ಕೂಡ ಕಡಿಸಲಿಲ್ಲ. ತಲೆ ಎಣಿಸಿ ಮುದ್ದೆ ಕಟ್ಟಿಸಿದೆ.

ಕೊರಟಗೆರೆಯಿಂದ ಬಂದ ನಾದಿನಿ ಒಲೆ ನೋಡಿ ಅಲ್ಲೇ ನಿಂತಳು. "ನಮ್ಮವ್ವ ಏನು ಪಾಪ ಮಾಡಿದ್ಲು ಅತ್ತಿಗೆ? ಅವಳ ಹೆಸರಲ್ಲಿ ಮುದ್ದೆ ಹಾಕಿಸ್ತಿದೀರಲ್ಲ. ನಮ್ಮನೇಲಿ ನಾಮಕರಣಕ್ಕೇ ಹನ್ನೊಂದು ಪದಾರ್ಥ ಮಾಡಿಸ್ತೀವಿ. ನಮ್ಮತ್ತೆ ಮುಂದೆ ನಾನು ಹೆಂಗೆ ಮುಖ ಎತ್ತಲಿ?"

"ನಿನ್ನ ಮದುವೇಲಿ ಎತ್ತಿದ್ಯಲ್ಲ, ಇನ್ನೂ ಅಷ್ಟೇ ಎತ್ಕೊಂಡಿರು" ಅಂದೆ. ಅವಳು ಅತ್ತಳು. ಹಾಗೆ ಅನ್ನಬಾರದಿತ್ತು, ಅವಳದ್ದೇನು ತಪ್ಪು. ಆಮೇಲೆ ಅವಳು ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದಳು.

ಆ ದಿನಕ್ಕೆ ಕುರಿಯವಳನ್ನು ಕರೆಯಬೇಕು ಅಂತ ನಾನು ಮೊದಲೇ ಪಾವಗಡಕ್ಕೆ ಬಸ್ ಹತ್ತಿ, ವಳ್ಳೂರಿನ ಕಡೆ ವಿಚಾರಿಸಿಕೊಂಡು ಹೋಗಿದ್ದೆ. ಅವಳು ಯಾರದೋ ಹೊಲದಲ್ಲಿ ಕೂಲಿಗೆ ಕಡಲೆಕಾಯಿ ಕೀಳುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದಳು, ಆದರೆ ಎದ್ದು ನಿಲ್ಲಲಿಲ್ಲ. "ಕುರಿ?" ಅಂದೆ. "ಉಳಿದಿದ್ದ ಮರಿ ಸಾಕಾಕಾಗ್ಲಿಲ್ಲ. ಮಾರ್ಬುಟ್ಟೆ" ಅಂದಳು. ಅತ್ತೆ ಹೋದ ವಿಷಯ ಹೇಳಿದೆ. ಕೈಯಲ್ಲಿದ್ದ ಬಳ್ಳಿ ಕೆಳಗಿಟ್ಟಳು. "ಆಯಮ್ಮ ಮಜ್ಜಿಗೆ ಹೊಯ್ತಿದ್ಲು. ಬತ್ತೀನಿ" ಅಂದಳು.

ಬಂದಳು. ನಮ್ಮ ಕಡೆಯವರು ಅವಳನ್ನು ಚಪ್ಪರದ ಆಚೆ, ಬೇಲಿಯ ಪಕ್ಕ ಕೂರಿಸಿದ್ದರು. ನಾನು ಒಳಗೆ ಕರೆದು ಕೂರಿಸಲಿಲ್ಲ, ಅಷ್ಟು ಮಂದಿಯ ಮುಂದೆ ಅದು ನನ್ನಿಂದ ಆಗಲಿಲ್ಲ. ಎಲೆ ಹಾಕಿ ನಾನೇ ಬಡಿಸಿದೆ. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ನಿಧಾನವಾಗಿ ಉಂಡಳು. ನಾನು ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಬರ್ತಾ ಹೊಲದ ಮೇಲೆ ಬಂದೆ" ಅಂದಳು. "ಅಲ್ಲಿ ಏನೂ ನೆಟ್ಟಿಲ್ಲ."

"ಎರಡು ಸಲ ನೆಟ್ಟೆ. ಬರಲಿಲ್ಲ."

"ಎಂಗ್ ಬತ್ತದೆ? ಕಾಲಿಟ್ರೆ ಬಂಡೆ ಮೇಲೆ ಇಟ್ಟಂಗಾಯ್ತದೆ. ಮಂದೆ ಮಲಗ್ದೆ ಇದ್ರೆ ಆ ನೆಲ ಅಷ್ಟೇಯ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮ ಹೊಲದ ಬಗ್ಗೆ ನನಗಿಂತ ಹೆಚ್ಚು ತಿಳಿದವಳ ಹಾಗೆ ಹೇಳಿದಳು, ಹೌದು, ಅವಳಿಗೇ ಹೆಚ್ಚು ತಿಳಿದಿತ್ತು. ಹನ್ನೆರಡು ವರ್ಷದಿಂದ ದಿನಾ ಪೂಜೆಯಲ್ಲಿ ನಾನು ಶಿವನ ಮುಂದೆ ಹೇಳಿಕೊಂಡು ಬಂದ ಒಂದು ಮಾತು ಇತ್ತು, ತಪ್ಪಾಯಿತು ಅಂತ. ಅದನ್ನು ಕೇಳಬೇಕಾದವಳು ಅಲ್ಲಿ ನನ್ನ ಕಾಲ ಹತ್ತಿರ ಕೂತಿದ್ದಳು. ಈಗ ಹೇಳಿಬಿಡು ಅಂತ ಒಳಗಿಂದ ಯಾರೋ ನೂಕಿದ ಹಾಗಾಯಿತು. ಬಾಯಿ ತೆರೆದೆ.

"ಇನ್ನೊಂದು ಮುದ್ದೆ ಹಾಕಲಾ?" ಅಂದೆ.

ಅವಳು ತಲೆ ಎತ್ತಿ ನನ್ನನ್ನು ಒಂದು ಗಳಿಗೆ ನೋಡಿದಳು. "ಹಾಕು" ಅಂದಳು. ಹಾಕಿದೆ.